ಟಿಕ್‌ಝಡ್: ಪೆಟ್ಟಿಗೆಗಳು ಒಂದೇ ಅಳತೆಗೆ ಬರುತ್ತಿಲ್ಲ, ಅಕ್ಷರವೂ ಒಂದೇ ಗೆರೆಯಲ್ಲಿ ಕೂರುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ಲೇಟೆಕ್‌ನಲ್ಲಿ (ಪುಟ ಜೋಡಿಸುವ ತಂತ್ರಾಂಶ), ಅದರ ಚಿತ್ರ ಬರೆಯುವ ಪ್ಯಾಕೇಜ್ ಟಿಕ್‌ಝಡ್ ಬಳಸಿ ಫ್ಲೋಚಾರ್ಟ್ ಬರೆಯುತ್ತಿದ್ದೇನೆ. ಅಡ್ಡಸಾಲಿನಲ್ಲಿ ನಾಲ್ಕು ಪೆಟ್ಟಿಗೆ: ‘ಮಾಹಿತಿ’, ‘ಪರೀಕ್ಷೆ’, ‘ತಪ್ಪು ಉತ್ತರಗಳ ವರ್ಗೀಕರಣ’, ‘ಕೊನೆ’. ಎಲ್ಲದಕ್ಕೂ ಮಿನಿಮಮ್ ವಿಡ್ತ್ 3 ಸೆಂ.ಮೀ. ಕೊಟ್ಟಿದ್ದೇನೆ. ಆದರೂ ಮೂರನೆಯದು ಉಬ್ಬಿಕೊಂಡು ಪಕ್ಕದವಕ್ಕೆ ತಾಗುತ್ತಿದೆ. ‘ಪರೀಕ್ಷೆ’ ಪೆಟ್ಟಿಗೆ ‘ಮಾಹಿತಿ’ಗಿಂತ ಎತ್ತರ, ಅಕ್ಷರವೂ ಸ್ವಲ್ಪ ಮೇಲೇರಿದೆ. ಅಕ್ಷರದ ತಳದ ಗೆರೆ ಹೊಂದಿಸಿ ಬಲಕ್ಕೆ ಕೂರಿಸುವ ಬೇಸ್ ರೈಟ್ ಹಾಕಿ ನೋಡಿದೆ: ಅಕ್ಷರ ಸರಿಹೋಯಿತು, ಬಾಣ ಓರೆಯಾಯಿತು. ಎರಡು ದಿನದಿಂದ ಇದರಲ್ಲೇ ಇದ್ದೇನೆ, ದಯವಿಟ್ಟು ದಾರಿ ತೋರಿಸಿ.

ಉತ್ತರ:
ಮಿನಿಮಮ್ ವಿಡ್ತ್ ಅಂದರೆ ‘ಇದಕ್ಕಿಂತ ಕಡಿಮೆ ಬೇಡ’ ಅಂತಷ್ಟೇ. ಪಠ್ಯ ಉದ್ದವಾದರೆ ಪೆಟ್ಟಿಗೆ ಬೆಳೆಯುತ್ತದೆ. ಸಾಲು ಮುರಿಯಬೇಕಾದರೆ ಟೆಕ್ಸ್ಟ್ ವಿಡ್ತ್ ಕೊಡಿ, ಜೊತೆಗೆ ಅಲೈನ್ ಸೆಂಟರ್. ಆದರೆ ಅಲ್ಲೂ 3 ಸೆಂ.ಮೀ. ಕೊಡಬೇಡಿ. ಟೆಕ್ಸ್ಟ್ ವಿಡ್ತ್‌ನಲ್ಲಿ ಇನ್ನರ್ ಸೆಪ್ (ಪಠ್ಯಕ್ಕೂ ಪೆಟ್ಟಿಗೆಯ ಅಂಚಿಗೂ ನಡುವಿನ ಜಾಗ) ಸೇರಿಲ್ಲ. ಅದು ತಾನಾಗಿ ಬದಿಗೆ 0.3333 ಎಮ್ (ಅಕ್ಷರದ ಗಾತ್ರಕ್ಕೆ ತಕ್ಕ ಅಳತೆ) ಇರುತ್ತದೆ. 10 ಪಾಯಿಂಟ್ ಅಕ್ಷರಕ್ಕೆ ಎರಡೂ ಬದಿ ಸೇರಿ ಸುಮಾರು 2.3 ಮಿ.ಮೀ. ಆಗುತ್ತದೆ. ಟೆಕ್ಸ್ಟ್ ವಿಡ್ತ್ 2.6, ಮಿನಿಮಮ್ ವಿಡ್ತ್ 3 ಎರಡನ್ನೂ ಇಟ್ಟರೆ ಎಲ್ಲವೂ 3ಕ್ಕೇ ನಿಲ್ಲುತ್ತವೆ. 2.6ರಲ್ಲಿ ಹಿಡಿಯದ ಒಂಟಿ ಪದವಿದ್ದರೆ ಮಾತ್ರ ಹೊರಚಾಚುತ್ತದೆ, ನೋಡಿಕೊಳ್ಳಿ.

ಪೆಟ್ಟಿಗೆಗಳು ತಾಗುತ್ತಿವೆ ಅಂದರೆ ನೀವು ‘ರೈಟ್ ಆಫ್ =’ ಅಂತ ಹಳೆಯ ರೀತಿಯಲ್ಲಿ ಬರೆದಿರಬೇಕು. ಅದು ನಡುವಿನಿಂದ ನಡುವಿಗೆ ಅಳೆಯುತ್ತದೆ. ಪೊಸಿಷನಿಂಗ್ ಲೈಬ್ರರಿ ಸೇರಿಸಿ ‘ರೈಟ್ = ಆಫ್’ ಬರೆಯಿರಿ, ಅಂಚಿನಿಂದ ಅಂಚಿಗೆ ಅಳೆಯುತ್ತದೆ.

ಅಕ್ಷರ ಏರಿಳಿಯಲು ಕಾರಣ ನಮ್ಮ ಒತ್ತಕ್ಷರ. ‘ಪರೀಕ್ಷೆ’ಯ ಒತ್ತು ಅಕ್ಷರ ಕೂರುವ ಗೆರೆಯಿಂದ ಕೆಳಗಿಳಿಯುತ್ತದೆ, ‘ಮಾಹಿತಿ’ಯಲ್ಲಿ ಒತ್ತೇ ಇಲ್ಲ. ಟಿಕ್‌ಝಡ್ ಆಯಾ ಪಠ್ಯದ ನಿಜವಾದ ಎತ್ತರ (ಆ ಗೆರೆಯಿಂದ ಮೇಲೆ), ಆಳ (ಕೆಳಗೆ) ಎರಡನ್ನೂ ಅಳೆದು ಅದರ ನಡುವನ್ನು ಸಾಲಿಗೆ ಕೂರಿಸುತ್ತದೆ. ಆಳ ಹೆಚ್ಚಿದ್ದಲ್ಲಿ ಅಕ್ಷರ ಮೇಲೇರುತ್ತದೆ. ಬೇಸ್ ರೈಟ್ ಹಾಕಿದಾಗ ನಡುಗಳೇ ಏರುಪೇರಾದವು, ಅದಕ್ಕೇ ಬಾಣ ಓರೆ. ಟೆಕ್ಸ್ಟ್ ಹೈಟ್, ಟೆಕ್ಸ್ಟ್ ಡೆಪ್ತ್ ಎರಡನ್ನೂ ಎಲ್ಲಕ್ಕೂ ಒಂದೇ ಕೊಟ್ಟು ನೋಡಿ.

ಕೇಳಿದವರು:
ತುಂಬಾ ಧನ್ಯವಾದ, ಅಗಲ ಮತ್ತು ಅಂತರ ಸರಿಹೋದವು. ‘ರೈಟ್ ಆಫ್ =’ ಅಂತಲೇ ಬರೆದಿದ್ದೆ. ಒಂದೇ ಸಾಲಿನ ಪೆಟ್ಟಿಗೆಗಳೂ ಸರಿ. ಆದರೆ ಮೂರನೆಯದರಲ್ಲಿ ಎರಡನೇ ಸಾಲು ಪೆಟ್ಟಿಗೆಯ ಕೆಳಗಿನ ಅಂಚಿಗೆ ಅಂಟಿಕೊಂಡಿದೆ, ಮೇಲ್ಗಡೆ ಖಾಲಿ.

ಉತ್ತರ:
ಇದು ನನ್ನ ಸಲಹೆಯದೇ ತಪ್ಪು, ಎರಡು ಸಾಲಿನ ಪೆಟ್ಟಿಗೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಟಿಕ್‌ಝಡ್ ಮೊದಲ ಸಾಲಿನ ಗೆರೆಯಿಂದ ಕೆಳಗಿರುವುದನ್ನೆಲ್ಲ ಆಳವೆಂದು ಎಣಿಸುತ್ತದೆ. ಆಳವನ್ನು ನೀವು ಕಟ್ಟಿಹಾಕಿದರೆ ಎರಡನೇ ಸಾಲು ಲೆಕ್ಕದಿಂದ ಹೊರಗೆ ಬೀಳುತ್ತದೆ.

ಹೈಟ್, ಡೆಪ್ತ್ ಎರಡನ್ನೂ ತೆಗೆದುಬಿಡಿ. ಸ್ಟೈಲ್‌ನಲ್ಲಿ ‘ಎಕ್ಸಿಕ್ಯೂಟ್ ಅಟ್ ಎಂಡ್ ನೋಡ್’ (ಪ್ರತಿ ಪೆಟ್ಟಿಗೆಯ ಪಠ್ಯದ ಕೊನೆಗೆ ಸೇರುವಂಥದ್ದು) ಬರೆದು, ಅದರೊಳಗೆ ವಿಫ್ಯಾಂಟಮ್ ಕಮಾಂಡಿಗೆ ‘ಸ್ತ್ರೀ’ ಕೊಡಿ. ಅದು ಅಚ್ಚಾಗುವುದಿಲ್ಲ, ಅಗಲವನ್ನೂ ತಿನ್ನುವುದಿಲ್ಲ. ಆ ಅಕ್ಷರದ ಎತ್ತರ ಮತ್ತು ಆಳವನ್ನು ಮಾತ್ರ ಕೊನೆಯ ಸಾಲಿಗೆ ಕೊಡುತ್ತದೆ. ‘ಸ್ತ್ರೀ’ ಯಾಕೆಂದರೆ ಅದರಲ್ಲಿ ಎರಡು ಒತ್ತು. ಸ್ಟ್ರಟ್ (ಎತ್ತರ, ಆಳ ಮಾತ್ರ ಇರುವ ಸಿದ್ಧ ಅದೃಶ್ಯ ಕಂಬ) ಸಾಕಲ್ಲವೇ ಅನ್ನಿಸಬಹುದು, ಆದರೆ ಅದರ ಆಳ ಸಾಲಂತರದ 0.3 ಭಾಗ ಮಾತ್ರ. ಕೆಲವು ಫಾಂಟ್‌ಗಳಲ್ಲಿ ಒತ್ತು ಅದನ್ನೂ ದಾಟುತ್ತದೆ. ಮಿನಿಮಮ್ ಹೈಟ್ 1.4 ಸೆಂ.ಮೀ. ಇಡಿ, ಎರಡು ಸಾಲಿಗೂ ಜಾಗ ಸಿಗುತ್ತದೆ.

ಕೇಳಿದವರು:
ಬಂತು! ನಾಲ್ಕೂ ಒಂದೇ ಎತ್ತರ, ಬಾಣ ನೇರ. ‘ಕೊನೆ’ ಮತ್ತು ‘ಪರೀಕ್ಷೆ’ಯ ಅಡಿಗೆ ಸ್ಕೇಲ್ ಹಿಡಿದು ನೋಡಿದೆ, ಒಂದೇ ಗೆರೆಯಲ್ಲಿವೆ.