ದೊಡ್ಡಪ್ಪನ ನ್ಯಾಟ್ ಮಾಡೆಲ್: ಮೂಗು ಬಿರುಕು ಬಿಟ್ಟಿದೆ, ಒಳಗಿಂದ ಬಿಳಿ ಪುಡಿ ಬರ್ತಿದೆ

ಅಟ್ಟದ_ಇಲಿ:
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು, ನ್ಯಾಟ್ ಅನ್ನೋ ಪುಟ್ಟ ಯುದ್ಧವಿಮಾನ ಕಟ್ಟುವ ಕಡೆ. ಅವರು ಮಾಡಿಟ್ಟಿದ್ದ ನ್ಯಾಟ್ ಮಾಡೆಲ್ ಒಂದು ಹೋದ ತಿಂಗಳು ಅಟ್ಟ ಗುಡಿಸುವಾಗ ಚಪ್ಪಲಿ ಡಬ್ಬಿಯಲ್ಲಿ ಸಿಕ್ಕಿತು. ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ಕಿಟ್, 1:72 ಅಳತೆ, ಅಂದರೆ ನಿಜವಾದದ್ದರ 72ನೇ ಒಂದು ಭಾಗ. ಬೆಳ್ಳಿ ಬಣ್ಣ, ರೆಕ್ಕೆ ಮೇಲೆ ನಮ್ಮ ವಾಯುಪಡೆಯ ಮೂರು ಬಣ್ಣದ ಚಕ್ರ. ಸರಿ ಮಾಡಿ ದೊಡ್ಡಮ್ಮನಿಗೆ ಕೊಡೋಣ ಅಂತ ಆಸೆ.

ಮೂಗಿನ ಜೋಡಣೆ ಬಾಯಿ ಬಿಟ್ಟಿದೆ. ಅಲ್ಲಿಂದ ಬಿಳಿ ಪುಡಿ ಉದುರುತ್ತೆ. ಬೂಷ್ಟು ಅಂದುಕೊಂಡು ಮೂರು ಸಲ ಒರೆಸಿದೆ, ಮತ್ತೆ ಬಂತು. ಪೈಲಟ್ ಸೀಟಿನ ಹಿಂದೆ ಒಂದು ದೊಡ್ಡ ಪುಟ್ಟಿ ಗುಡ್ಡೆ ಇದೆ, ನೋಡೋಕೆ ಗೂನು ಬೆನ್ನಿನ ಹಾಗೆ. ಉಜ್ಜಿ ತೆಗೆಯೋಣ ಅಂತ ಸ್ಯಾಂಡ್ ಪೇಪರ್ ತಂದಿಟ್ಟಿದ್ದೇನೆ.

ಮೂರನೆಯದು ನನ್ನದೇ ಪೆದ್ದುತನ. ಪೈಲಟ್ ತಲೆ ಮೇಲಿನ ಪ್ಲಾಸ್ಟಿಕ್ ಗಾಜು ಕಳಚಿ ಬಂದಿತ್ತು, ಸೂಪರ್ ಗ್ಲೂ ಹಾಕಿ ಅಂಟಿಸಿದೆ. ಬೆಳಗ್ಗೆ ನೋಡಿದರೆ ಒಳಗೆಲ್ಲ ಮಂಜು ಹಿಡಿದಿತ್ತು. ನೇಲ್ ಪಾಲಿಶ್ ರಿಮೂವರ್‌ನಲ್ಲಿ ಒರೆಸಬಹುದಾ?

ನಟ್ಟು_ಬೋಲ್ಟು:
ರಿಮೂವರ್ ಬೇಡವೇ ಬೇಡ! ಅದರಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತೆ, ಈ ಪ್ಲಾಸ್ಟಿಕ್ ಕರಗಿಬಿಡುತ್ತೆ. ನಾನು ಹಾಗೆ ಒಂದು ಸ್ಪಿಟ್‌ಫೈರ್ ವಿಮಾನದ ಮಾಡೆಲ್ ರೆಕ್ಕೆಯನ್ನು ಬೆಲ್ಲದ ಪಾಕ ಮಾಡಿದ್ದೇನೆ.

ಹಳೇ_ಗರಗಸ:
ಮೊದಲು ಆ ಸ್ಯಾಂಡ್ ಪೇಪರ್ ಕೆಳಗಿಡಿ ಮಾರಾಯ್ರೆ. ಕಾರಣ ಆಮೇಲೆ ಹೇಳ್ತೀನಿ.

ಮೂಗಿನದು ಬೂಷ್ಟಲ್ಲ, ಸೀಸ. ಮೂರು ಚಕ್ರದ ವಿಮಾನ ಬಾಲದ ಮೇಲೆ ಕೂತುಬಿಡುತ್ತೆ ಅಂತ ಮೂಗಿನೊಳಗೆ ಭಾರ ತುಂಬ್ತೀವಲ್ವಾ? ನಿಮ್ಮ ದೊಡ್ಡಪ್ಪ ಗಾಳದ ಸೀಸದ ಗುಂಡು ಹಾಕಿ ಬಿಳಿ ಅಂಟು ಸುರಿದಿರಬೇಕು. ಆ ಅಂಟಿನಿಂದ ಹುಳಿ ಆವಿ ಬರುತ್ತೆ, ಸೀಸ ಬಿಳಿ ಪುಡಿಯಾಗಿ ಊದಿಕೊಳ್ಳುತ್ತೆ. ವರ್ಷಗಟ್ಟಲೆ ಊದಿ ಊದಿ ಮೂಗನ್ನು ಒಳಗಿಂದ ಸೀಳುತ್ತೆ. ಹೊರಗೆ ಒರೆಸಿದರೆ ಏನೂ ಆಗಲ್ಲ, ಒಳಗಿನದೆಲ್ಲ ತೆಗೀಬೇಕು.

ಆ ಪುಡಿ ವಿಷ. ಊದಬೇಡಿ, ಒಣಗಿದ್ದಾಗ ಕೆರೆಯಬೇಡಿ. ಗ್ಲೌಸ್, ಮಾಸ್ಕ್ ಹಾಕಿ, ಒದ್ದೆ ಟಿಶ್ಯೂನಿಂದ ತೆಗೆದು ಕವರಲ್ಲಿ ಕಟ್ಟಿ. ಊಟದ ಮೇಜಿನ ಮೇಲಂತೂ ಈ ಕೆಲಸ ಬೇಡ. ಬಾಯಿ ಬಿಟ್ಟ ಕಡೆಯಿಂದಲೇ ತೆಳು ಬ್ಲೇಡ್ ಆಡಿಸಿದರೆ ಇನ್ನಷ್ಟು ತೆರೆಯುತ್ತೆ. ಆಮೇಲೆ ಸೈಕಲ್ ಅಂಗಡಿಯ ಉಕ್ಕಿನ ಬೇರಿಂಗ್ ಗುಂಡು ತಂದು ಅರಾಲ್ಡೈಟ್ ಅಂಟು ಹಾಕಿ ಕೂರಿಸಿ. ಉಕ್ಕು ಸೀಸಕ್ಕಿಂತ ಹಗುರ, ಅದೇ ಭಾರಕ್ಕೆ ಒಂದೂವರೆ ಪಟ್ಟು ಜಾಗ ಬೇಕು. ಆದಷ್ಟೂ ಮೂಗಿನ ತುದಿಗೆ ತಳ್ಳಿ. ಮುಚ್ಚುವ ಮೊದಲು ಟೇಪ್ ಸುತ್ತಿ ನಿಲ್ಲಿಸಿ ನೋಡಿ. ನಾನು ಸುಮ್ನೆ ಮುಚ್ಚಿ ಎರಡು ಸಲ ಮತ್ತೆ ಒಡೆದಿದ್ದೇನೆ.

ಗಾಜಿನ ಮಂಜು ಸೂಪರ್ ಗ್ಲೂ ಆವಿ, ಮೇಲ್ಪದರ ಅಷ್ಟೇ. ಬಿಳಿ ಟೂತ್‌ಪೇಸ್ಟ್, ಕಿವಿ ಕಡ್ಡಿ, ಒಂದು ಗಂಟೆ ತಾಳ್ಮೆ. ಜೆಲ್ ಪೇಸ್ಟ್ ಆಗಲ್ಲ. ಮತ್ತೆ ಅಂಟಿಸಲು ಫೆವಿಕಾಲ್, ಒಣಗಿದರೆ ಕಾಣಲ್ಲ. ಅದೂ ಬಿಳಿ ಅಂಟೇ, ಆದರೆ ಇಲ್ಲಿ ಸೀಸ ಇಲ್ಲವಲ್ಲ, ಹೆದರಬೇಡಿ.

ಈಗ ಗುಡ್ಡೆ. ಏರ್‌ಫಿಕ್ಸ್‌ನವರ ಆ ಹಳೇ ನ್ಯಾಟ್ ಬ್ರಿಟನ್ನಿನ ತರಬೇತಿ ವಿಮಾನ. ಎರಡು ಸೀಟು, ಅಲ್ಲಿನ ವಾಯುಪಡೆಯ ಕಸರತ್ತು ತಂಡ ರೆಡ್ ಆರೋಸ್ ಹಾರಿಸುತ್ತಿದ್ದದ್ದು. ನಮ್ಮ ವಾಯುಪಡೆಯದು, 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನು ಎದುರಿಸಿದ್ದು, ಒಂದೇ ಸೀಟಿನದು. ಎಚ್‌ಎಎಲ್ ಫಿಟ್ಟರ್‌ಗೆ ಇದು ಗೊತ್ತಿರಲ್ವಾ? ನಿಮ್ಮ ದೊಡ್ಡಪ್ಪ ಹಿಂದಿನ ಸೀಟನ್ನು ಬೇಕಂತಲೇ ಮುಚ್ಚಿದ್ದಾರೆ ಅಂತ ನನ್ನ ಅನುಮಾನ. ರೆಕ್ಕೆ ತುದಿಯಿಂದ ತುದಿಗೆ ಅಳೆಯಿರಿ. ತರಬೇತಿ ವಿಮಾನದ ರೆಕ್ಕೆ ದೊಡ್ಡದು, ಈ ಅಳತೆಯಲ್ಲಿ ಸುಮಾರು 10 ಸೆಂ.ಮೀ. ಬರಬೇಕು. ಯುದ್ಧವಿಮಾನದ್ದು ಒಂಬತ್ತೂವರೆಗೂ ಚೂರು ಕಡಿಮೆ.

ಅಟ್ಟದ_ಇಲಿ:
ಸಾರ್, 94 ಮಿ.ಮೀ.! ಎರಡೂ ತುದಿಯಲ್ಲಿ ಅರ ಹಾಕಿದ ಗೆರೆ ಇದೆ, ಬಣ್ಣದಡಿ ಬೆರಳಿಗೆ ಸಿಗುತ್ತೆ.

ಸ್ಯಾಂಡ್ ಪೇಪರ್ ಪಕ್ಕದ ಮನೆ ಹುಡುಗನಿಗೆ ಕೊಟ್ಟುಬಿಟ್ಟೆ. ಮೂಗಿನಿಂದ ಏಳು ಗುಂಡು ತೆಗೆದೆ, ಎರಡು ಪೂರ್ತಿ ಹಿಟ್ಟಾಗಿದ್ದವು. ಈಗ ಬೇರಿಂಗ್ ಕೂರಿಸಿ ಮೂರೂ ಚಕ್ರದ ಮೇಲೆ ನಿಂತಿದೆ. ಗಾಜು ಮುಕ್ಕಾಲು ಪಾಲು ತಿಳಿಯಾಗಿದೆ. ಬಾತ್‌ರೂಮಿನಲ್ಲಿ ಅಷ್ಟು ಹೊತ್ತು ಏನು ಮಾಡ್ತೀಯ ಅಂತ ಅಮ್ಮ ಬಾಗಿಲು ಬಡಿದಳು.

ಇನ್ನೊಂದು. ಚಪ್ಪಲಿ ಡಬ್ಬಿಯಲ್ಲಿ ಒಂದು ಬೆಂಕಿಪೊಟ್ಟಣ ಇತ್ತು. ಕಸ ಅಂತ ಬಿಸಾಡಲು ಹೊರಟಿದ್ದೆ. ತೆಗೆದರೆ ಒಳಗೆ ಎರಡು ರೆಕ್ಕೆ ತುದಿ, ಒಂದು ಸೀಟು, ಒಬ್ಬ ಪೈಲಟ್.

ಹಳೇ_ಗರಗಸ:
ಪೊಟ್ಟಣ ಸಮೇತ ಕೊಡಿ ದೊಡ್ಡಮ್ಮನಿಗೆ. ಸೀಸ ಮಾತ್ರ ಬೇಡ.