ಹಲಸಿನ ಹಲಗೆ ಟೇಬಲ್: ತುದಿಗೆ ಅಡ್ಡಪಟ್ಟಿ ಬಿಗಿಯಬಹುದಾ? ಮಾಡಿಸಿದವರು ಹೇಳಿ

ತೀರ್ಥಹಳ್ಳಿಯಿಂದ: ಮನೆ ಹಿಂದಿನ ಹಲಸಿನ ಮರ ಗಾಳಿಗೆ ಬಿತ್ತು. ಅದರಲ್ಲೇ 6 ಅಡಿ ಉದ್ದ, 3 ಅಡಿ ಅಗಲದ ಊಟದ ಟೇಬಲ್ ಮಾಡಿಸುವ ಆಸೆ. ಹಲಗೆ ಕೊಯ್ಸಿ ಎಂಟು ತಿಂಗಳಾಯ್ತು. ಎರಡೂ ತುದಿಗೆ ಅಡ್ಡಪಟ್ಟಿ ಇಟ್ಟು, ಗೋಂದು ಹಾಕಿ ಸ್ಕ್ರೂ ಬಿಗಿದರೆ ಹಲಗೆ ಸೊಟ್ಟ ಆಗಲ್ಲ ಅಂತಾರೆ ನಮ್ಮ ಆಚಾರ್ರು. ಸರಿನಾ?

ಸಾಗರದಿಂದ: ಬೇಡವೇ ಬೇಡ. ನಾನು ಇದನ್ನೇ ಮಾಡಿಸಿದವನು. ಸಾಗುವಾನಿ ಮರಕ್ಕೆ 38,000, ಕೂಲಿ ದಿನಕ್ಕೆ 900ರಂತೆ 14 ದಿನ, ಅಂದರೆ 12,600, ಪಾಲಿಶ್‌ಗೆ 6,500. ಒಟ್ಟು 57,100 ರೂಪಾಯಿ. ಏಪ್ರಿಲ್‌ನಲ್ಲಿ ಟೇಬಲ್ ಬಂತು. ಮಳೆಗಾಲ ಪೂರ್ತಿ ಏನೂ ಆಗಲಿಲ್ಲ, ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಮುಂದಿನ ಮಾರ್ಚ್‌ನಲ್ಲಿ ಒಂದು ರಾತ್ರಿ ಟಪ್ ಅಂತ ಸದ್ದು. ಬೆಳಿಗ್ಗೆ ನೋಡಿದರೆ ತುದಿಯಿಂದ ಒಂದೂವರೆ ಅಡಿ ಸೀಳು. ಹತ್ತು ರೂಪಾಯಿ ನಾಣ್ಯ ನಿಲ್ಲಿಸಿದರೆ ಒಳಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗಲು ನೋಡಿದೆ, ಪಟ್ಟಿ ಬಿಟ್ಟಿಲ್ಲ, ಒಳಗೊಳಗೇ ಅಮುಕಿಕೊಂಡಿದೆ. ಬೇಸಿಗೆಯಲ್ಲಿ ಕುಗ್ಗುವಾಗ ಸೀಳಿದೆ. ಈಗಲೂ ಊಟ ಆದ ಮೇಲೆ ನಮ್ಮ ಮನೆಯವರು ಆ ಸೀಳಿನಿಂದ ಅನ್ನದ ಅಗುಳನ್ನು ಹೇರ್‌ಪಿನ್ನಲ್ಲಿ ಕೆದಕಿ ತೆಗೀತಾರೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಶಿವಮೊಗ್ಗದಿಂದ: ಸಾಗರದವರೇ, ತಪ್ಪು ಪಟ್ಟಿಯದಲ್ಲ, ಹಸಿ ಮರದ್ದು. ನಾನು ಭಟ್ಟಿಯಲ್ಲಿ ಒಣಗಿಸಿದ ಮರವನ್ನೇ ತಂದೆ. ತೇವ ನೋಡುವ ಮೀಟರ್‌ಗೇ 1,800 ಕೊಟ್ಟೆ. ತೇವ 10% ತೋರಿಸಿದ ಮೇಲೇ ಉಳಿ ಮುಟ್ಟಿಸಿದ್ದು. ಮೂರು ವರ್ಷ ಆಯ್ತು, ಒಂದು ಗೆರೆ ಬಿದ್ದಿಲ್ಲ. ಭಟ್ಟಿ ಮರ ಅಲ್ಲಾಡಲ್ಲ.

ಹೊಸನಗರದಿಂದ: ಅಲ್ಲಾಡಲ್ಲ ಅಂತ ಯಾರು ಹೇಳಿದ್ದು ಸಾರ್? ಭಟ್ಟಿಯಿಂದ ಬಂದ ಮರವೂ ಗಾಳಿಯ ತೇವ ಕುಡಿಯುತ್ತೆ. ನಿಮ್ಮದು ಶಿವಮೊಗ್ಗ ಪೇಟೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ, ಅಲ್ಲಿಟ್ಟು ನೋಡಿ. ಸಾಗುವಾನಿ ಒಳ್ಳೆಯ ಮರ ಅಂತೀವಿ, ಅದರಲ್ಲೂ 3 ಅಡಿ ಅಗಲದ ಹಲಗೆ ತೇವ 5% ಏರಿಳಿದರೆ ಸುಮಾರು 8 ಮಿ.ಮೀ. ಹಿಗ್ಗಿ ಕುಗ್ಗುತ್ತೆ. ಉದ್ದಕ್ಕೆ ಏನೂ ಇಲ್ಲ ಅಂದರೂ ನಡೆಯುತ್ತೆ. ಅದಕ್ಕೇ ಅಡ್ಡ ಇಟ್ಟ ಪಟ್ಟಿಗೂ ಹಲಗೆಗೂ ಜಗಳ.

ನಾನು ಹೊನ್ನೆಯಲ್ಲಿ ಬೀರು ಮಾಡಿಸಿದೆ. ಬಾಗಿಲಿನ ಒಳಹಲಗೆಗೆ ಒಂದು ತೊಟ್ಟು ಗೋಂದು ಹಾಕಿಸಲಿಲ್ಲ. ಸುತ್ತಲಿನ ಚೌಕಟ್ಟಿನ ಕಚ್ಚಿನಲ್ಲಿ ಸುಮ್ನೆ ಕೂತಿದೆ, ಅಕ್ಕಪಕ್ಕ ಒಂದೊಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಜಾಗ. ಆದರೂ ಒಂದು ಪೆಟ್ಟು ತಿಂದೆ. ಜೋಡಿಸಿದ ಮೇಲೆ ಪಾಲಿಶ್ ಮಾಡಿಸಿದ್ದಕ್ಕೆ ಬೇಸಿಗೆಯಲ್ಲಿ ಹಲಗೆ ಕುಗ್ಗಿ, ಬಣ್ಣ ಕಾಣದ ಬಿಳೀ ಗೆರೆ ಹೊರಗೆ ಬಂತು. ನಾಲ್ಕು ಬಾಗಿಲು ಬಿಚ್ಚಿಸಿ ಮತ್ತೆ ಪಾಲಿಶ್, 3,200 ದಂಡ. ಜೋಡಿಸುವ ಮೊದಲೇ ಹಲಗೆಗೆ ಎರಡೂ ಕಡೆ ಪಾಲಿಶ್ ಮಾಡಿಸಿ.

ಶಿವಮೊಗ್ಗದಿಂದ: ಬೀರು ಬೇರೆ, ಟೇಬಲ್ ಬೇರೆ. ನನ್ನ ಟೇಬಲ್ ಕಣ್ಣೆದುರಿಗಿದೆ. ನೋಡದೇ ಮಾತಾಡಬೇಡಿ.

ಸಾಗರದಿಂದ: ಮತ್ತೆ ನಾನು ಹಸಿ ಮರ ತಂದೆ ಅಂತ ನೀವು ನೋಡದೇ ಹೇಗೆ ಹೇಳಿದ್ರಿ? ಮರ ಎರಡು ವರ್ಷ ಅಟ್ಟದಲ್ಲಿತ್ತು. ಈಗಿನ ಆಚಾರಿಗಳಿಗೆ ಕೆಲಸ ಗೊತ್ತಿಲ್ಲ, ಅಷ್ಟೇ. ಸ್ಕ್ರೂ ಮಷಿನ್ ಹಿಡಿದವರೆಲ್ಲ ಆಚಾರಿ.

ಕೊಪ್ಪದಿಂದ: ಈ ಮಾತು ವಾಪಸ್ ತಗೊಳ್ಳಿ ಅಣ್ಣ. ನಮ್ಮಪ್ಪ ನಲವತ್ತು ವರ್ಷ ಉಳಿ ಹಿಡಿದವರು. ಹಲಗೆಯ ಅಡಿಗೆ ಅಡ್ಡಪಟ್ಟಿ ಕೊಡುವಾಗ ಬುಡ ಅಗಲ, ಬಾಯಿ ಕಿರಿದಾದ ಕಚ್ಚು ತೆಗೆದು ಪಟ್ಟಿಯನ್ನು ಪಕ್ಕದಿಂದ ಹೊಡೆದು ಕೂರಿಸುತ್ತಿದ್ದರು. ಗೋಂದಿಲ್ಲ, ಮೊಳೆಯಿಲ್ಲ. ಪಟ್ಟಿ ಹಲಗೆಯನ್ನು ನೆಟ್ಟಗಿಡುತ್ತೆ, ಹಲಗೆ ಅದರ ಮೇಲೆ ಜಾರುತ್ತೆ. ಅದಕ್ಕೆ ಎರಡು ದಿನ ಜಾಸ್ತಿ ಕೂಲಿ ಕೇಳಿದರೆ ಯಾರೂ ಕೊಡಲ್ಲ. ಮೂರು ದಿನದಲ್ಲಿ ಮುಗಿಸು ಅಂತಾರೆ. ಸೀಳಿದ ಮೇಲೆ ಆಚಾರಿಗೆ ಗೊತ್ತಿಲ್ಲ ಅಂತಾರೆ.

ಸಾಗರದಿಂದ: ನಾನು 14 ದಿನದ ಕೂಲಿ ಕೊಟ್ಟಿದ್ದೇನೆ, ಮೇಲೆ ಬರೆದಿದ್ದೇನೆ, ಓದಿ. ನಿಮ್ಮಪ್ಪನಿಗೆ ಹೇಳಿದ ಮಾತಲ್ಲ ಅದು.

ತೀರ್ಥಹಳ್ಳಿಯಿಂದ: ದಯವಿಟ್ಟು ಜಗಳ ಬೇಡ. ತುದಿಗೇ ಪಟ್ಟಿ ಬೇಕು ಅಂತ ಮನೆಯಲ್ಲಿ ಹಟ. ಏನು ಮಾಡಲಿ?

ಕೊಪ್ಪದಿಂದ: ನಡುವೆ ಮಾತ್ರ ಗೋಂದು, ಒಂದು ಬೆಣೆ ಬಿಗಿಯಾಗಿರಲಿ. ಎರಡು ಕೊನೆಯಲ್ಲಿ ಬೆಣೆ ಹೋಗುವ ತೂತು ಹಲಗೆಯ ನಾಲಿಗೆಯಲ್ಲಿ, ಅಂದರೆ ಪಟ್ಟಿಯ ಕಚ್ಚಿನೊಳಗೆ ಕೂರುವ ತುದಿಯಲ್ಲಿ, ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿರಲಿ. ಮಳೆಗಾಲದಲ್ಲಿ ಹಲಗೆ ಪಟ್ಟಿಗಿಂತ ಒಂದು ನೂಲು ಹೊರಗೆ ಬರುತ್ತೆ, ಬೇಸಿಗೆಯಲ್ಲಿ ಒಳಗೆ ಹೋಗುತ್ತೆ. ಕೈಗೆ ತಾಗುತ್ತೆ, ಅದನ್ನು ಕೀಸಬೇಡಿ. ಕಾಲುಗಳ ಚೌಕಟ್ಟಿಗೆ ಹಲಗೆ ಬಿಗಿಯುವಾಗಲೂ ಸ್ಕ್ರೂ ತೂತು ಹಾಗೇ ಉದ್ದ ಮಾಡಿಸಿ. ಎಂಟು ತಿಂಗಳು ಸಾಲುತ್ತಾ ಅನ್ನೋದು ಹಲಗೆಯ ದಪ್ಪದ ಮೇಲೆ. ಒಂದಿಂಚಿಗೆ ಒಂದು ವರ್ಷ ಅಂತ ನಮ್ಮಲ್ಲಿ ಲೆಕ್ಕ. ಮೀಟರ್ ಇಲ್ಲದಿದ್ದರೆ ಹಲಗೆಯ ನಡುವಿನಿಂದ ಒಂದು ತುಂಡು ಕೊಯ್ದು, ವಾರಕ್ಕೊಮ್ಮೆ ದಿನಸಿ ಅಂಗಡಿ ತಕ್ಕಡಿಯಲ್ಲಿ ತೂಗಿಸಿ. ತೂಕ ಇಳಿಯುತ್ತಾ ಇದ್ದರೆ ಆಚಾರ್ರನ್ನು ಇನ್ನೂ ಕರೆಯಬೇಡಿ.

ಶಿವಮೊಗ್ಗದಿಂದ: ಅದಕ್ಕೇ ನಾನು ಮೀಟರ್ ತಗೊಳ್ಳಿ ಅಂದಿದ್ದು.