ಅಪ್‌ಡೇಟ್: ಮಕ್ಕಳ ಕೆರೆ ಪುಟ ಈಗ ಹುಡುಕಿದರೆ ಸಿಗುತ್ತದೆ

ಒಂಬತ್ತನೆಯ ತರಗತಿಯ ಮಕ್ಕಳು ಊರಿನ ಕೆರೆಯ ಬಗ್ಗೆ ಬರೆದದ್ದನ್ನು ಖರ್ಚಿಲ್ಲದೆ ವೆಬ್ ಪುಟವಾಗಿ ಪ್ರಕಟಿಸುವುದು ಹೇಗೆ, ನಾಲ್ಕು ಜನರಿಗೆ ತಲುಪಿಸುವುದು ಹೇಗೆ ಎಂದು ಕೇಳಿದ್ದೆ. ದಾರಿ ತೋರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಪುಟ ಗಿಟ್‌ಹಬ್ ಪೇಜಸ್ ಎಂಬ ಉಚಿತ ವೆಬ್ ಪ್ರಕಟಣಾ ಸೇವೆಯಲ್ಲಿದೆ, ಖಾತೆ ನನ್ನದು. ಮಕ್ಕಳ ಪೂರ್ಣ ಹೆಸರನ್ನಾಗಲಿ ಮುಖ ಕಾಣುವ ಚಿತ್ರವನ್ನಾಗಲಿ ಹಾಕಿಲ್ಲ. ಈ ವಿಷಯದಲ್ಲಿ ರಾಜಿ ಬೇಡವೇ ಬೇಡ.

ದೊಡ್ಡ ತೊಡಕು ಅಕ್ಷರದ್ದೇ. ಅರ್ಧದಷ್ಟು ಬರಹ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿತ್ತು. ಪರದೆಯ ಮೇಲೆ ‘ಕೆರೆ’ ಎಂದು ಕಂಡರೂ ಒಳಗಿರುವುದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಗೂಗಲ್‌ಗೆ ಅದು ಕನ್ನಡವೇ ಅಲ್ಲ. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್‌ಗೆ ಪರಿವರ್ತಿಸಿದಾಗ ಅಲ್ಲಲ್ಲಿ ಒತ್ತಕ್ಷರಗಳು ಕೆಟ್ಟವು. ಹುಡುಗಿಯರಿಬ್ಬರು ಗಟ್ಟಿಯಾಗಿ ಓದುತ್ತ, ಉಳಿದವರು ಸಾಲು ಸಾಲಾಗಿ ತಿದ್ದಿದರು. ಆ ಶ್ರದ್ಧೆ ನೋಡಿ ನನಗೆ ಹೆಮ್ಮೆಯಾಯಿತು.

‘ಮುಖಪುಟ’ ಎಂದಷ್ಟೇ ಇದ್ದ ಶೀರ್ಷಿಕೆಗೆ ಊರಿನ ಹೆಸರನ್ನೂ ತೂಬು, ಕೋಡಿ, ನೀರುಗಂಟಿ (ಕೆರೆಯ ನೀರು ಹಂಚುವವನು) ಎಂಬ ಪದಗಳನ್ನೂ ಸೇರಿಸಿದೆವು. ಪುಟಗಳನ್ನು ಗೂಗಲ್‌ನ ಗಮನಕ್ಕೆ ತರುವ ಅದರದೇ ಸೇವೆಯಾದ ಸರ್ಚ್ ಕನ್ಸೋಲ್‌ನಲ್ಲಿ ಪುಟವನ್ನು ನೋಂದಾಯಿಸಿದ ಮೇಲೆ ಹುಡುಕಾಟದಲ್ಲಿ ಕಾಣಿಸತೊಡಗಿತು. ವಾಟ್ಸಾಪ್‌ನಲ್ಲಿ ಕೊಂಡಿಯ ಜೊತೆ ಕೆರೆಯ ಚಿತ್ರವೂ ಮೂಡುವಂತೆ ಪುಟದ ಕೋಡ್‌ನಲ್ಲಿ ಓಪನ್ ಗ್ರಾಫ್ ಟ್ಯಾಗ್ ಎಂಬ ಸೂಚನೆ ಹಾಕಿದ್ದೇವೆ. ಪ್ರಚಾರಕ್ಕೆ ಇದರಷ್ಟು ನೆರವಾದದ್ದು ಬೇರೊಂದಿಲ್ಲ.

ಹೆಚ್ಚು ಹಂಚಿದವರು ಊರು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದವರು. ಅವರಲ್ಲೊಬ್ಬರು ಕೋಡಿ ಹರಿಯುತ್ತಿರುವ ಹಳೆಯ ಕಪ್ಪುಬಿಳುಪು ಚಿತ್ರ ಕಳುಹಿಸಿದ್ದಾರೆ. ಅವರಿಂದ ಲಿಖಿತ ಅನುಮತಿ ಬಂದ ಕೂಡಲೇ ಮಕ್ಕಳು ಅದನ್ನು ಪುಟಕ್ಕೆ ಸೇರಿಸುತ್ತಾರೆ.